ಮಗ್ಗದ ಸದ್ದಿನ ನಡುವೆ ಮೌನ ಪ್ರಾರ್ಥನೆ

ಪ್ರಶ್ನೆ: ನಾನು ನೇಕಾರ ಮನೆತನದವಳು, ಚಿಕ್ಕಂದಿನಿಂದ ಬಾಯಿ ಬಿಟ್ಟು ಪ್ರಾರ್ಥಿಸುವುದನ್ನೇ ಕಲಿತವಳು. ಈಚೆಗೆ ಏನನ್ನೂ ಬೇಡದೆ ದೇವರ ಸನ್ನಿಧಿಯಲ್ಲಿ ಸುಮ್ಮನೆ ಕುಳಿತಿರಬೇಕು ಎನಿಸುತ್ತದೆ. ಆದರೆ ಎರಡೇ ನಿಮಿಷಕ್ಕೆ ಮನಸ್ಸು ಸಾಲ, ಮಗನ ಫೀ, ಅಡುಗೆ ಎಂದು ಅಲೆಯತೊಡಗುತ್ತದೆ. ನಸುಕಿನಲ್ಲಿಯೇ ಮಗ್ಗದ ಸದ್ದೂ ಶುರುವಾಗುತ್ತದೆ. ಇಂಥ ಧ್ಯಾನ ನಮ್ಮ ಪದ್ಧತಿಯಲ್ಲ ಎಂದು ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ನಾನು ಹೇಗೆ ಆರಂಭಿಸಲಿ?
— ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಸಹೋದರಿ, ಹಿರಿಯರ ಕಳಕಳಿಯನ್ನು ಗೌರವಿಸಿರಿ, ಆದರೆ ಧ್ಯಾನ ನಮಗೆ ಹೊರಗಿನದಲ್ಲ. ನಮ್ಮ ಕನ್ನಡ ಬೈಬಲ್ಲಿನ ಮೊದಲನೆಯ ಕೀರ್ತನೆಯೇ ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನನ್ನು ಧನ್ಯನೆನ್ನುತ್ತದೆ. ಅಲ್ಲಿರುವ ಹೀಬ್ರೂ ಪದ ‘ಹಾಗಾ’. ತುಟಿಯೊಳಗೇ ಮೆಲ್ಲಗೆ ಗುನುಗುವುದು ಎಂದು ಅದರ ಅರ್ಥ. ಮನಸ್ಸನ್ನು ಬರಿದು ಮಾಡುವುದು ಇಲ್ಲಿನ ಉದ್ದೇಶವಲ್ಲ, ಕ್ರಿಸ್ತನ ಕಡೆಗೆ ಅದನ್ನು ತಿರುಗಿಸಿ ಇರಿಸುವುದು ಉದ್ದೇಶ.

ಈ ಮಾತನ್ನು ನೇಯ್ಗೆಯ ಮನೆಯವರಿಗೆ ಹೇಳುವುದು ನನಗೆ ಬಹಳ ಸಂತೋಷದ ಸಂಗತಿ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಸನ್ಯಾಸಿಗಳು ಖರ್ಜೂರದ ಗರಿಗಳಿಂದ ಬುಟ್ಟಿ, ಚಾಪೆಗಳನ್ನು ಹೆಣೆದು ಹೊಟ್ಟೆ ಹೊರೆಯುತ್ತಿದ್ದರು, ಕೈ ಹೆಣೆಯುತ್ತಿರುವಾಗಲೇ ಬಾಯಿ ಬೈಬಲ್ಲಿನ ವಚನವನ್ನು ಗುನುಗುತ್ತಿತ್ತು. ಅವರ ನಡುವೆ ಬಾಳಿ ಬಂದ ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿ, ಬೇಗ ಬಂದು ಸಹಾಯ ಮಾಡೆಂದು ದೇವರನ್ನು ಕರೆಯುವ 70ನೆಯ ಕೀರ್ತನೆಯ ಮೊದಲ ವಚನವೊಂದನ್ನೇ ಎಡೆಬಿಡದೆ ಹಿಡಿದಿರಬೇಕೆಂಬ ಅವರ ಬೋಧೆಯನ್ನು ಬರೆದಿಟ್ಟಿದ್ದಾನೆ. ಆದ್ದರಿಂದ ಮಗ್ಗ ನಿಲ್ಲಲೆಂದು ನೀವು ಕಾಯಬೇಕಾಗಿಲ್ಲ. ಕಂಡಿಕೆ ಸುತ್ತುವಾಗಲೂ ಆ ವಚನ ನಿಮ್ಮ ತುಟಿಯಲ್ಲಿರಲಿ.

ಆದರೂ ಕುಳಿತುಕೊಳ್ಳಲೆಂದೇ ದಿನಕ್ಕೆ ಒಂದು ಹೊತ್ತು ಬೇಕು. ಅಮೆರಿಕದಲ್ಲಿ ಟ್ರಾಪಿಸ್ಟ್ ಎಂಬ ಕಥೋಲಿಕ ಪಂಥದ ಸನ್ಯಾಸಿಗಳು 1970ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ದಿನಕ್ಕೆ ಎರಡು ಬಾರಿ 20 ನಿಮಿಷ ಎಂದಿದೆ. ನಿಮಗೆ ಸದ್ಯಕ್ಕೆ 10 ನಿಮಿಷ ಧಾರಾಳವಾಯಿತು. ಬೆನ್ನು ನೆಟ್ಟಗಿರಿಸಿ ಕುಳಿತು, ಯೇಸು ಹೇಳಿದ ಸಾಮ್ಯದಲ್ಲಿ ಸುಂಕದವನು ದೇವಾಲಯದಲ್ಲಿ ಹೇಳಿದ ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ ಎಂಬ ಮಾತನ್ನು ಉಸಿರಿನೊಂದಿಗೆ ನಿಧಾನವಾಗಿ ಹೇಳಿಕೊಳ್ಳಿರಿ. ದಿನಕ್ಕೊಂದು ಮಾತನ್ನು ಬದಲಿಸಬೇಡಿರಿ. ಮಗನ ಫೀ ನೆನಪಾದರೆ ನಿಮ್ಮನ್ನು ನೀವು ಬೈದುಕೊಳ್ಳುವುದು ಬೇಡ: ಎಳೆ ಹರಿದಾಗ ನೀವು ಮಗ್ಗದ ಮೇಲೆ ಸಿಟ್ಟಾಗದೆ ಗಂಟು ಹಾಕಿ ಮುಂದುವರಿಯುವಂತೆ, ಆ ಮಾತಿಗೆ ಮರಳಿ ಬನ್ನಿರಿ. ಹತ್ತು ನಿಮಿಷದಲ್ಲಿ ಐವತ್ತು ಸಲ ಮರಳಿದರೂ ಆ ಹೊತ್ತು ವ್ಯರ್ಥವಾಗಲಿಲ್ಲ. ಶಾಂತಿ ಸಿಕ್ಕಿತೋ ಇಲ್ಲವೋ ಎಂದು ಅಳೆಯುವ ಚಟವನ್ನು ಮಾತ್ರ ಮೊದಲ ದಿನವೇ ಬಿಡಿರಿ, ಏಕೆಂದರೆ ಎಷ್ಟೋ ಜನ ಈ ಹಾದಿಯನ್ನು ಬಿಟ್ಟುಬಿಡುವುದು ಅದರಿಂದಲೇ.

ಏನನ್ನೂ ಬೇಡದೆ ಕುಳಿತಿರಬೇಕೆಂಬ ನಿಮ್ಮ ಆಸೆಗೆ 131ನೆಯ ಕೀರ್ತನೆಯನ್ನು ಓದಿರಿ. ಅಲ್ಲಿ ಬರುವುದು ಮೊಲೆ ಬಿಟ್ಟ ಕೂಸು. ಅದು ಹಾಲಿಗಾಗಿ ಅಳುವುದಿಲ್ಲ, ತಾಯಿಯ ಬಳಿ ಇದ್ದರೆ ಅದಕ್ಕೆ ಸಾಕು. ಹಾಗೆಂದು ಬೇಡಿಕೆಯ ಪ್ರಾರ್ಥನೆಯನ್ನು ಕೈಬಿಡಬೇಡಿರಿ. ಸಾಲದ ಚಿಂತೆಯನ್ನು ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಎಂದಿನಂತೆ ಬಾಯಿ ಬಿಟ್ಟೇ ಹೇಳಿರಿ. ಮೌನದಲ್ಲಿ ಹಳೆಯ ದುಃಖವೇನಾದರೂ ತಡೆಯಲಾರದಂತೆ ಮೇಲೆದ್ದರೆ, ಅಂದಿಗೆ ಎದ್ದುಬಿಡಿರಿ ಮತ್ತು ನಿಮ್ಮ ಸಭಾಪಾಲಕರೊಂದಿಗೆ ಮಾತನಾಡಿರಿ.