ಸೋಡಾ ಮಾತ್ರೆ ಕೊಡುವ ಮುಂಚೆ ರೋಗಿಯ ಕಾಲು ನೋಡಿ

ನರ್ಸಿಂಗ್ ಎರಡನೇ ವರ್ಷದಲ್ಲಿದ್ದೀರಿ, ಸೋಡಿಯಂ ಬೈಕಾರ್ಬನೇಟ್ ಕೊಡುವಾಗ ಏನೇನು ಗಮನಿಸಬೇಕು ಎಂದು ಕೇಳಿದ್ದೀರಿ. ನಾನು ಕಿಡ್ನಿ ರೋಗಿಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್. ರಕ್ತದಲ್ಲಿ ಹೆಚ್ಚಾದ ಆಸಿಡ್ ತಗ್ಗಿಸುವ ಈ ಮಾತ್ರೆ ನನ್ನ ಟ್ರೇಯಲ್ಲಿ ದಿನಾ ಇರುತ್ತದೆ. ಕೊಡುವ ಮುಂಚೆ ನಾನು ಮೊದಲು ನೋಡುವುದು ರೋಗಿಯ ಕಾಲು.

ಅಡುಗೆ ಸೋಡಾ ತಾನೇ ಎಂದು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ 500 ಮಿ.ಗ್ರಾಂ ಮಾತ್ರೆ ಒಂದರಲ್ಲೇ ಸುಮಾರು 137 ಮಿ.ಗ್ರಾಂ ಸೋಡಿಯಂ ಇದೆ. ದಿನಕ್ಕೆ ಆರು ನುಂಗಿದರೆ 820 ದಾಟಿತು. ಎರಡು ಗ್ರಾಂ ಉಪ್ಪಿನಲ್ಲಿ ಇರುವಷ್ಟೇ ಸೋಡಿಯಂ ಅದು. ಸೋಡಿಯಂ ಮೈಯಲ್ಲಿ ನೀರು ಹಿಡಿದಿಡುತ್ತದೆ. ಹಾಗಾಗಿ ಪಾದದ ಮೇಲೆ ಬೆರಳೊತ್ತಿ ನೋಡಿ, ಗುಳಿ ಬೀಳುತ್ತಾ? ಬೆಳಗಿನ ತೂಕ, ಬಿಪಿ ನೋಡಿ. ಮಲಗಿದರೆ ಉಸಿರು ಕಟ್ಟುತ್ತಾ ಎಂದು ಕೇಳಿ. ಹಾರ್ಟ್ ಫೇಲ್ಯೂರ್ ಇದ್ದವರಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು.

ಒಬ್ಬರು ಅಜ್ಜಿ ಉಪ್ಪಿಲ್ಲದ ಊಟವನ್ನೇ ಮಾಡುತ್ತಿದ್ದರು, ಆದರೂ ಮೂರು ದಿನದಲ್ಲಿ ಎರಡು ಕೆ.ಜಿ ಏರಿದರು. ಕೊನೆಗೆ ದಿಂಬಿನ ಕೆಳಗೆ ಗ್ಯಾಸ್‌ಗೆ ಕುಡಿಯುವ ಪುಡಿಯ ಪೊಟ್ಟಣಗಳು ಸಿಕ್ಕವು. ಅದರಲ್ಲಿರುವುದೂ ಸೋಡಾನೇ. "ಮನೆಯಿಂದ ಏನಾದ್ರೂ ತಗೊಳ್ತಿದ್ದೀರಾ ಅಜ್ಜಿ?" ಎಂದು ನಾನು ಮೊದಲ ದಿನವೇ ಕೇಳಬೇಕಿತ್ತು. ಈಗ ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಬೇರೆ ಮಾತ್ರೆಗಳ ಜೊತೆ ಒಟ್ಟಿಗೆ ಕೊಡಬೇಡಿ. ಹೊಟ್ಟೆಯ ಆಸಿಡ್ ಕಡಿಮೆಯಾದರೆ ಕಬ್ಬಿಣದ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ಕರುಳಿಗೆ ಹೋಗಿ ಕರಗಲಿ ಎಂದು ಕೋಟಿಂಗ್ ಮಾಡಿದ ಮಾತ್ರೆ ಹೊಟ್ಟೆಯಲ್ಲೇ ಕರಗಿಬಿಡಬಹುದು. ಸಾಮಾನ್ಯವಾಗಿ ಎರಡು ಗಂಟೆ ಅಂತರ ಇಡುತ್ತೇವೆ. ಹೊಟ್ಟೆ ಬಿರಿಯುವಂತೆ ಊಟ ಮಾಡಿದ ಕೂಡಲೇ ಕೂಡ ಬೇಡ, ಒಳಗೆ ಗ್ಯಾಸ್ ತುಂಬಿಕೊಳ್ಳುತ್ತದೆ.

ರಕ್ತದ ರಿಪೋರ್ಟ್ ಬಂದಾಗ ಬೈಕಾರ್ಬನೇಟ್ ಜೊತೆ ಪೊಟ್ಯಾಸಿಯಂ ಕೂಡ ನೋಡಿ, ಪೊಟ್ಯಾಸಿಯಂ ಇಳಿಯಬಹುದು. ಬೆರಳು ಜುಮ್ಮೆನ್ನುತ್ತದೆ, ಸ್ನಾಯು ಹಿಡಿಯುತ್ತದೆ ಎಂದರೆ, ಅಥವಾ ರೋಗಿ ಗೊಂದಲದಲ್ಲಿದ್ದರೆ, ಮುಂದಿನ ಡೋಸ್ ಕೊಡುವ ಮುಂಚೆ ಡಾಕ್ಟರಿಗೆ ಹೇಳಿ.

ಇಂಜೆಕ್ಷನ್ ಕೊಡುವ ಸಂದರ್ಭ ಬಂದರೆ ಸೂಜಿ ರಕ್ತನಾಳದಲ್ಲೇ ಇದೆಯಾ ಎಂದು ಖಚಿತ ಮಾಡಿಕೊಳ್ಳಿ. ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟಂತಾಗುತ್ತದೆ. ಅದೇ ಲೈನಿನಲ್ಲಿ ಕ್ಯಾಲ್ಸಿಯಂ ಹೋಗಿದ್ದರೆ ನಡುವೆ ಸಲೈನಿನಿಂದ ಚೆನ್ನಾಗಿ ಫ್ಲಶ್ ಮಾಡಿ. ಎರಡೂ ಸೇರಿದರೆ ಟ್ಯೂಬಿನೊಳಗೇ ಬಿಳಿ ಸುಣ್ಣ ಕಟ್ಟುತ್ತದೆ.