ನೇಪಾಳಿ ಊಟಕ್ಕೆ ಕರೆದಿದಾರಾ? ಹೋಗಿ ಬನ್ನಿ

ಹೆಲ್ಸಿಂಕಿಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಫೀಸಿನೋರು ಶುಕ್ರವಾರ ಸಂಜೆ ನೇಪಾಳಿ ರೆಸ್ಟೋರೆಂಟ್‌ಗೆ ಕರೆದಿದಾರೆ, ನಾನು ವೆಜ್, ಕುಡಿಯಲ್ಲ, ಬಿಲ್ ಯಾರು ಕೊಡ್ತಾರೆ ಗೊತ್ತಿಲ್ಲ, ಹೋಗ್ಲಾ ಬೇಡ್ವಾ ಅಂತ ಕೇಳಿದೀರಲ್ಲ. ಹೋಗಿ ಮಾರಾಯ್ರೆ, ಅದರಲ್ಲಿ ಯೋಚ್ನೆ ಮಾಡೋದೇನಿದೆ! ಇಲ್ಲಿ ಜನ ಬಾಯ್ಮಾತಿಗೆ ಕರೆಯೋದು ಕಮ್ಮಿ, ಕರೆದಿದಾರೆ ಅಂದ್ರೆ ನಿಮ್ಮನ್ನೂ ಲೆಕ್ಕ ಹಿಡಿದು ಟೇಬಲ್ ಬುಕ್ ಮಾಡಿರ್ತಾರೆ. ಆರು ಗಂಟೆ ಅಂದ್ರೆ ಆರಕ್ಕೇ ಹೋಗಿ, ಆರೂವರೆಗಲ್ಲ.

ವೆಜ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಈ ಊರಲ್ಲಿ ಕಲ್ಲಿಯೊ ಕಡೆ ಹೋದ್ರೂ ಕಂಪ್ಪಿ ಕಡೆ ಹೋದ್ರೂ ನೇಪಾಳಿ ಹೋಟ್ಲು ಕಣ್ಣಿಗೆ ಬಿದ್ದೇ ಬೀಳುತ್ತೆ, ಹೆಸರು ನೇಪಾಳದ್ದಾದ್ರೂ ಮೆನು ಮುಕ್ಕಾಲು ಭಾಗ ನಾರ್ತ್ ಇಂಡಿಯನ್ನೇ, ಪಾಲಕ್ ಪನೀರ್, ದಾಲ್, ನಾನ್ ಎಲ್ಲಾ ಇರುತ್ತೆ. ಹೆಸರಿನ ಪಕ್ಕ ಎಲ್, ಜಿ ಅಂತ ಅಕ್ಷರ ಇರ್ತವೆ, ಎಲ್ ಅಂದ್ರೆ ಲ್ಯಾಕ್ಟೋಸ್ ಇಲ್ಲ, ಜಿ ಅಂದ್ರೆ ಗ್ಲುಟೆನ್ ಇಲ್ಲ, ವೆಜ್‌ಗೂ ಅದಕ್ಕೂ ಸಂಬಂಧ ಇಲ್ಲ, ಗಾಬರಿ ಆಗ್ಬೇಡಿ. ಮೊಟ್ಟೇನೂ ತಿನ್ನಲ್ಲ ಅಂದ್ರೆ ಸಪ್ಲೈ ಮಾಡೋರನ್ನೇ ಕೇಳಿ, ನೇಪಾಳದೋರಾದ್ರೆ ಹಿಂದೀಲಿ ಕೇಳಿದ್ರೂ ಸಾಮಾನ್ಯವಾಗಿ ಅರ್ಥ ಆಗುತ್ತೆ. ಖಾರ ಬೇಕು ಅಂತ ಬಾಯಿ ಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ಇಲ್ಲಿಯೋರ ನಾಲಿಗೆಗೆ ತಕ್ಕ ಹಾಗೆ ಸಪ್ಪೆ ಮಾಡಿ ಕೊಡ್ತಾರೆ.

ನೀವು ನಿಜವಾಗ್ಲೂ ತಿಳ್ಕೋಬೇಕಾಗಿರೋದು ಹಂಚ್ಕೊಂಡು ತಿನ್ನೋ ವಿಷಯ. ಇಲ್ಲಿ ಅವರವರ ಊಟ ಅವರವರಿಗೆ, ಒಂದು ಕರಿ ಹೇಳಿದ್ರೆ ಅದರ ಜೊತೆಗೇ ಅನ್ನ ನಾನ್ ಎಲ್ಲಾ ಒಬ್ಬರ ಲೆಕ್ಕಕ್ಕೇ ಬಂದ್ಬಿಡುತ್ತೆ, ಪಕ್ಕದೋರು ಆ ಕಡೆ ಕೈ ಹಾಕಲ್ಲ, ನೀವೂ ಹಾಕಂಗಿಲ್ಲ. ಹಾಗಂತ ಅವರಿಗೆ ಹಂಚ್ಕೊಳ್ಳೋದು ಇಷ್ಟ ಇಲ್ಲ ಅಂತಲ್ಲ, ಯಾರೂ ಮೊದಲು ಹೇಳಲ್ಲ ಅಷ್ಟೇ. ಆರ್ಡರ್ ಕೊಡೋಕೆ ಮುಂಚೆ ನೀವೇ 'ನಾಕೈದು ಐಟಂ ತಗೊಂಡು ಮಧ್ಯಕ್ಕೆ ಇಟ್ಕೊಳ್ಳೋಣ್ವಾ' ಅಂತ ಕೇಳಿ ನೋಡಿ, ನಾನು ಕಂಡ ಮಟ್ಟಿಗೆ ಖುಷಿಯಾಗೇ ಒಪ್ತಾರೆ. ನಿಮ್ಮದು ಮಾತ್ರ ಮಾಂಸ ಇಲ್ಲದ್ದು, ಅದಕ್ಕೆ ಬೇರೆ ಚಮಚ ಇರ್ಲಿ ಅಂತ ಮೊದಲೇ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ.

ಶುರುವಿಗೆ ವೆಜ್ ಮೊಮೊ ತರಿಸಿ. ಬಿಸಿ ಹಬೆ ಆಡ್ತಾ ಬರುತ್ತೆ, ಪಕ್ಕದಲ್ಲಿ ಟೊಮೇಟೊ ಎಳ್ಳು ರುಬ್ಬಿದ ಅಚಾರ್, ಅದಕ್ಕೆ ತಿಮೂರ್ ಅನ್ನೋ ನೇಪಾಳಿ ಮಸಾಲೆ ಕಾಳು ಹಾಕಿದ್ರಂತೂ ಎರಡನೇ ತುತ್ತಿಗೆ ತುಟಿ ಜುಮ್ಮ್ ಅನ್ನುತ್ತೆ, ಅದು ಮೆಣಸಿನಕಾಯಿ ಖಾರ ಅಲ್ಲ, ಮರಗಟ್ಟೋ ಥರ. ಅಲ್ಲೀವರೆಗೂ ಹವಾಮಾನ ಬಿಟ್ರೆ ಬೇರೆ ಮಾತಾಡದೋರು ತುಟಿ ಮುಟ್ಕೊಂಡು ಇದೇನಿದು ಅಂತ ನಿಮ್ಮನ್ನೇ ಕೇಳ್ತಾರೆ, ಅಲ್ಲಿಂದ ಮಾತು ಶುರು. ಢಿಡೊ ಅನ್ನೋದು ಮೆನುವಲ್ಲಿ ಕಂಡ್ರೆ ಬಿಡ್ಬೇಡಿ, ಅಪರೂಪಕ್ಕೆ ಸಿಗೋದು, ರಾಗಿ ಇಲ್ಲಾ ಬಕ್‌ವೀಟ್ ಅನ್ನೋ ಕಾಳಿನ ಹಿಟ್ಟು ಕುದಿಸಿ ತೊಳಸಿ ಮಾಡೋದು, ನಮ್ಮ ಮುದ್ದೆಯ ದಾಯಾದಿ ಅಂದ್ಕೊಳ್ಳಿ, ಗುಂಡ್ರುಕ್ ಅಂತ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರಲ್ಲಿ ಅದ್ದಿ ನುಂಗೋದು. ಅದನ್ನ ಕೈಯಲ್ಲೇ ತಿನ್ನಿ, ಸಂಕೋಚ ಏನಿಲ್ಲ.

ಕುಡಿಯಲ್ಲ ಅಂದ್ರೆ ಯಾರೂ ಬಲವಂತ ಮಾಡಲ್ಲ, ಮ್ಯಾಂಗೋ ಲಸ್ಸಿ ಹೇಳಿ, ನಲ್ಲಿ ನೀರೂ ಕೇಳ್ಬೋದು, ಚೆನ್ನಾಗಿರುತ್ತೆ. ಇನ್ನೊಂದು ಮಾತು, ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ಮೂರು ದಾಟ್ತಿದ್ದ ಹಾಗೇ ಸೂರ್ಯ ಮುಳುಗ್ತಾನೆ, ಆಫೀಸು ಮನೆ ಅಂತ ಇದ್ಬಿಟ್ರೆ ಮೊದಲನೇ ಚಳಿಗಾಲ ಕಳೆಯೋದು ತುಂಬಾ ಕಷ್ಟ, ಅದಕ್ಕೇ ಇಂಥ ಕರೆ ತಪ್ಪಿಸ್ಕೋಬೇಡಿ ಅನ್ನೋದು.

ಬಿಲ್ಲು ಸಾಮಾನ್ಯವಾಗಿ ಅವರವರದ್ದೇ, ಕಂಪನಿ ಕೊಡೋದಾದ್ರೆ ಮೊದಲೇ ಹೇಳಿರ್ತಾರೆ. ಹಂಚ್ಕೊಂಡು ತಿಂದಿದ್ರೆ ಒಬ್ಬರು ಕಾರ್ಡ್ ಉಜ್ಜಿ ಉಳಿದೋರು ಮೊಬೈಲ್‌ಪೇಲಿ ಕಳಿಸ್ತಾರೆ, ನಿಮಗೆ ಇಲ್ಲಿಯ ಬ್ಯಾಂಕ್ ಅಕೌಂಟ್ ಇನ್ನೂ ಆಗಿಲ್ಲ ಅಂದ್ರೆ ಮೊದಲೇ ಹೇಳಿ ನಿಮ್ಮ ಪಾಲು ಬೇರೆ ಕೊಟ್ಬಿಡಿ. ಟಿಪ್ಸ್ ಬೇಕಿಲ್ಲ. ಉಳಿದಿದ್ರೆ ಡಬ್ಬಿ ಕೇಳಿ, ಮೂರು ಜನದ ಅನ್ನ ಹಂಗೇ ಮಿಕ್ಕಿರುತ್ತೆ, ಶನಿವಾರ ಬೆಳಿಗ್ಗೆ ಚಿತ್ರಾನ್ನಕ್ಕಾಗುತ್ತೆ.