ಗಾಯಕ್ಕೆ ಎಂಜಲು ಹಚ್ಚಬಹುದೇ?

ಪ್ರಶ್ನೆ: ಊಟ ಮಾಡುವಾಗ ಕೆನ್ನೆಯ ಒಳಭಾಗ ಕಚ್ಚಿಕೊಂಡಿದ್ದೆ, ಐದಾರು ದಿನಕ್ಕೆ ಗುರುತೂ ಉಳಿಯಲಿಲ್ಲ. ಈಳಿಗೆಮಣೆಯಲ್ಲಿ ಕೊಯ್ದುಕೊಂಡ ಬೆರಳು ಮಾತ್ರ ಹದಿನೈದು ದಿನವಾದರೂ ಮಾಯುತ್ತಿಲ್ಲ. ಅತ್ತೆಯವರು ‘ಎಂಜಲು ಹಚ್ಕೋ’ ಅನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆ ಇದೆ. ಹಚ್ಚಬಹುದೇ?
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಹಚ್ಚಬೇಡಿ. ಹಾಗೆಂದು ನಿಮ್ಮ ಅತ್ತೆಯವರ ಮಾತು ಬರೀ ಮೂಢನಂಬಿಕೆಯೂ ಅಲ್ಲ.

ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಗಂಡು ಇಲಿಗಳ ದವಡೆಯಡಿಯ ಜೊಲ್ಲಿನ ಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಸುಮಾರು ಎರಡು ವಾರಕ್ಕೆ ಬಿಡಬೇಕಾದ ಕಣ್ಣು ಒಂದೇ ವಾರಕ್ಕೆ ಬಿಟ್ಟಿತು, ಹಲ್ಲೂ ಬೇಗ ಮೂಡಿತು. ಆ ಸಾರದಲ್ಲಿದ್ದದ್ದು 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. ಚರ್ಮದ ಜೀವಕಣಗಳಿಗೆ ‘ಇಬ್ಭಾಗವಾಗು, ಗಾಯದ ಮೇಲೆ ಹರಡಿಕೋ’ ಎಂದು ಹೇಳುವುದು ಇದೇ. ನರಗಳನ್ನು ಬೆಳೆಸುವ ಇನ್ನೊಂದು ಪ್ರೋಟೀನೂ ಅದೇ ಗ್ರಂಥಿಯಲ್ಲಿ ಹೇರಳವಾಗಿತ್ತು. ಈ ಶೋಧಗಳಿಗಾಗಿ ಕೋಹೆನ್ ಮತ್ತು ನರ ಬೆಳೆಸುವ ಪ್ರೋಟೀನನ್ನು ಮೊದಲು ಗುರುತಿಸಿದ ರೀಟಾ ಲೆವಿ-ಮೊಂಟಾಲ್ಸಿನಿ 1986ರ ನೊಬೆಲ್ ಹಂಚಿಕೊಂಡರು.

ನಮ್ಮ ಎಂಜಲಿನಲ್ಲೂ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಇದೆ, ಆದರೆ ಇಲಿಗೆ ಹೋಲಿಸಿದರೆ ತೀರಾ ಕಡಿಮೆ. ಹೆಚ್ಚಿನ ಪಾಲು ಬರುವುದು ಕಿವಿಯ ಮುಂದಿನ ಗ್ರಂಥಿಯಿಂದ. ಮಂಗನಬಾವು ಬಂದಾಗ ಊದಿಕೊಳ್ಳುತ್ತದಲ್ಲ, ಅದೇ. ಗಾಯ ಮುಚ್ಚಲು ನೆರವಾಗುವ ಹಿಸ್ಟಾಟಿನ್ ಎಂಬ ಪ್ರೋಟೀನೂ ಜೊತೆಗಿದೆ. ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರಿ ಇವನ್ನೆಲ್ಲ ಬಿಡದೆ ತಂದೊದಗಿಸುತ್ತದೆ. ರಕ್ತದ ಹರಿವು ಅಲ್ಲಿ ಧಾರಾಳ, ಒಳಪದರದ ಕಣಗಳೂ ಬೇಗ ಬೆಳೆಯುವ ಜಾತಿಯವು. ಬೆರಳಿಗೆ ಸವರಿದ ಒಂದು ಹನಿಯ ಹಿಂದೆ ಇಷ್ಟೆಲ್ಲ ಇರುವುದಿಲ್ಲ. ಸಾಲದ್ದಕ್ಕೆ, ಬಹುದಿನ ಮಾಯದ ಸಕ್ಕರೆ ಹುಣ್ಣಿನಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳು ಹೆಚ್ಚು. ಹಚ್ಚಿದ್ದು ಕೆಲಸ ಹಿಡಿಯುವ ಮೊದಲೇ ತುಂಡಾಗುತ್ತದೆ.

ಉಳಿಯುವುದು ಬ್ಯಾಕ್ಟೀರಿಯಾ. ಬಾಯಲ್ಲಿ ತೆಪ್ಪಗಿರುವ ಐಕನೆಲ್ಲಾದಂಥವು ಬೆರಳಿನ ಗೆಣ್ಣಿಗೆ ಇಳಿದರೆ ಕೀವು ಕಟ್ಟಿ ಮೂಳೆಯವರೆಗೂ ಹೋಗಬಲ್ಲವು.

ಪ್ರಯೋಗಾಲಯದಲ್ಲಿ ತಯಾರಿಸಿದ ಇದೇ ಗ್ರೋತ್ ಫ್ಯಾಕ್ಟರಿನ ಜೆಲ್ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಬಳಕೆಯಲ್ಲಿದೆ. ಸತ್ತ ಚರ್ಮ ತೆಗೆದು, ಸೋಂಕು ಹತೋಟಿಗೆ ಬಂದ ಮೇಲೆ, ವೈದ್ಯರು ಬರೆದುಕೊಟ್ಟರೆ ಮಾತ್ರ.

ಸದ್ಯಕ್ಕೆ ದಿನಕ್ಕೊಮ್ಮೆ ನಲ್ಲಿ ನೀರಲ್ಲಿ ತೊಳೆದು, ಒರೆಸಿ, ಗಾಜ್ ಬಟ್ಟೆ ಕಟ್ಟಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಹೊಸ ಕಣಗಳೂ ಸಾಯುತ್ತವೆ. ಹದಿನೈದು ದಿನ ಕಳೆದಿದೆ, ಈ ವಾರವೇ ವೈದ್ಯರಿಗೆ ತೋರಿಸಿ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿ, ಟಿಟಿ ಚುಚ್ಚುಮದ್ದಿನ ಬಗ್ಗೆಯೂ ಕೇಳಿ. ಬೆರಳು ಮಡಚಲಾಗದಿದ್ದರೆ, ಕೆಂಪು ಗೆರೆ ಮುಂಗೈಯತ್ತ ಏರುತ್ತಿದ್ದರೆ ಅಥವಾ ಜ್ವರ ಬಂದರೆ ಆ ದಿನವೇ ಹೋಗಿ.